ನಾಲ್ಕನೇ ವಚನಕ್ಕೆ ಗಂಟೆ

ಪೌಲನು ಎಫೆಸದವರಿಗೆ ಬರೆದ ಪತ್ರಿಕೆಯ ಆರನೆಯ ಅಧ್ಯಾಯ ನಮ್ಮ ಕಡೆ ಮೂರು ವಚನಕ್ಕೇ ಮುಗಿಯುತ್ತದೆ. ಮೊದಲನೆಯದು ಮಕ್ಕಳು ತಂದೆತಾಯಿಯ ಮಾತು ಕೇಳಬೇಕು ಎನ್ನುತ್ತದೆ. ಎರಡನೆಯದು ಅವರನ್ನು ಗೌರವಿಸಬೇಕು ಎನ್ನುತ್ತದೆ. ಮೂರನೆಯದು, ಹಾಗೆ ಮಾಡಿದರೆ ಆಯುಷ್ಯ ಜಾಸ್ತಿ ಎಂದು ಆಸೆ ತೋರಿಸುತ್ತದೆ. ಕಲಬುರಗಿ ಜಿಲ್ಲೆಯ ಚಂದಾಪುರದಿಂದ ಶಾಹಾಬಾದಿನವರೆಗೆ ಸಂಡೇ ಸ್ಕೂಲಿಗೆ ಹೋಗುವ ಯಾವ ಮಗುವನ್ನು ನಡುರಾತ್ರಿ ಎಬ್ಬಿಸಿ ಕೇಳಿದರೂ ಈ ಮೂರನ್ನು ಉಸಿರು ಬಿಡದೆ ಒಪ್ಪಿಸೀತು. ನಾಲ್ಕನೆಯದು ತಂದೆಗಳಿಗೆ ಹೇಳಿದ್ದು. ಮಕ್ಕಳನ್ನು ಕೆಣಕಿ ಸಿಟ್ಟಿಗೆಬ್ಬಿಸಬೇಡಿ ಎಂಬುದು ಅದರ ತಾತ್ಪರ್ಯ. ಅದು ಬರುವ ಹೊತ್ತಿಗೆ ಸರಿಯಾಗಿ ಗಂಟೆ ಹೊಡೆಯುತ್ತದೆ, ಮಕ್ಕಳು ಬಿಸ್ಕೀಟಿನ ಸಾಲಿಗೆ ಓಡುತ್ತವೆ.

ನಾನು ತಾಯಿ. ನಾಲ್ಕನೆಯ ವಚನ ತಂದೆಗಳನ್ನೇ ಕರೆದು ಹೇಳುವುದರಿಂದ ಅದು ತಾಯಂದಿರಿಗೆ ಲಾಗೂ ಆಗುವುದಿಲ್ಲ ಎಂಬುದು ನಮ್ಮ ಹೆಂಗಸರ ಪ್ರಾರ್ಥನಾ ಕೂಟದ ಬಹುಮತ. ಗಂಡಸರ ವಾದವೇ ಬೇರೆ. ಪೌಲ ಮದುವೆಯಾದವನಲ್ಲ, ಮನೆಯಲ್ಲಿ ಎರಡು ಮಕ್ಕಳಿದ್ದಿದ್ದರೆ ಅವನು ಹಾಗೆ ಬರೆಯುತ್ತಲೇ ಇರಲಿಲ್ಲ ಎನ್ನುತ್ತಾರೆ. ಹೀಗೆ ಎರಡೂ ಕಡೆಯವರು ತಪ್ಪಿಸಿಕೊಂಡ ಮೇಲೆ ಉಳಿದದ್ದು ಮಕ್ಕಳು ಮಾತ್ರ. ಆದ್ದರಿಂದ ಮನಸ್ಸಾಕ್ಷಿಯನ್ನು ಬೆಳೆಸುವ ಕೆಲಸವನ್ನು ಪೂರ್ತಿಯಾಗಿ ಅವರಿಗೇ ವಹಿಸಿದ್ದೇವೆ.

ನಮಗೆ ಬೇಕಾದ ಮನಸ್ಸಾಕ್ಷಿ ಯಾವುದು ಎಂಬುದರಲ್ಲಿ ಗೊಂದಲವಿಲ್ಲ. ಅದು ಡಬ್ಬಿಯೊಳಗಿನ ಸಕ್ಕರೆ ಕದ್ದಾಗ ಚುಚ್ಚಬೇಕು. ಅಪ್ಪ ತೊಗರಿ ಚೀಲದ ಬಾಯಿಗೆ ಒಳ್ಳೆ ಕಾಳು, ತಳಕ್ಕೆ ಜೊಳ್ಳು ತುಂಬುವಾಗ ಸುಮ್ಮನಿರಬೇಕು. ತಮ್ಮನಿಗೆ ಬೈದರೆ ಅಳಬೇಕು. ಅವ್ವ ಕೆಲಸದವಳ ಸಂಬಳದಲ್ಲಿ ಹಬ್ಬದ ರಜೆ ಮುರಿದುಕೊಂಡರೆ ಟಿವಿ ನೋಡಬೇಕು. ಇಷ್ಟು ಹದವಾದ ಮನಸ್ಸಾಕ್ಷಿ ತಾನಾಗಿ ಬೆಳೆಯುವುದಿಲ್ಲ, ಬಹಳ ತರಬೇತಿ ಬೇಕು. ಆ ತರಬೇತಿಗೆ ನಮ್ಮಲ್ಲಿ ಕಂಠಪಾಠ ಸ್ಪರ್ಧೆ ಇದೆ.

ಡಿಸೆಂಬರಿನಲ್ಲಿ ಬನ್ನಿ, ನೋಡುವಿರಂತೆ. ಶಾಮಿಯಾನ, ಮೈಕು, ವೇದಿಕೆಯ ಮೇಲೆ ಮೂರು ಸಾಲು ಮುಖ್ಯ ಅತಿಥಿಗಳು. ಕರುಣೆಯ ಬಗ್ಗೆ ಹೆಚ್ಚು ವಚನ ಹೇಳಿದ ಮಗುವಿಗೆ ಷೀಲ್ಡು, ಎರಡನೆಯದಕ್ಕೆ ಗೋಡೆ ಗಡಿಯಾರ, ಮೂರನೆಯದಕ್ಕೆ ಟಿಫಿನ್ ಡಬ್ಬಿ. ಕರುಣೆಯಲ್ಲಿ ಫಸ್ಟ್ ಬಂದ ಹುಡುಗಿಯ ಅಮ್ಮ ಸೆಕೆಂಡ್ ಬಂದವಳ ಅಮ್ಮನ ಕಡೆ ನೋಡುವ ನೋಟದಲ್ಲಿ ಕರುಣೆಯೊಂದನ್ನು ಬಿಟ್ಟು ಎಲ್ಲವೂ ಇರುತ್ತದೆ. ಒಂದು ವರ್ಷ ಬೈಬಲಿನ ಒಳ್ಳೆಯ ಸಮಾರ್ಯದವನ ನಾಟಕ ಆಡಿಸಿದರು, ಬಿದ್ದ ಅಪರಿಚಿತನನ್ನು ಎತ್ತಿ ಉಪಚರಿಸಿದವನ ಕಥೆ. ದಾರಿಯಲ್ಲಿ ಹೊಡೆತ ತಿಂದು ಬಿದ್ದವನ ಪಾತ್ರಕ್ಕೆ ಯಾರೂ ಮಗನನ್ನು ಕೊಡಲಿಲ್ಲ. ಕೊನೆಗೆ ಕಲ್ಲಿನ ಖಣಿಯಲ್ಲಿ ದುಡಿಯುವವರ ಹುಡುಗನನ್ನು ಮಲಗಿಸಿದರು. ಅವನಿಗೆ ಅಭ್ಯಾಸವಿದೆ ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ನಾಟಕ ಮುಗಿದ ಮೇಲೆ ಸಮಾರ್ಯದವನಾಗಿದ್ದ ಹುಡುಗ ತನಗೆ ಬಂದ ಟಿಫಿನ್ ಡಬ್ಬಿಯನ್ನು ಆ ಬಿದ್ದವನಿಗೆ ಕೊಟ್ಟುಬಿಟ್ಟ.

"ಏ, ಅದು ಪ್ರೈಜ್ ಅದನೋ! ಇಸ್ಕೊಂಡು ಬಾ ಹೋಗು!"

ವೇದಿಕೆಯ ಹಿಂದೆ ಅವನ ಅಮ್ಮನ ಕೂಗು ಮೈಕಿಗೂ ಕೇಳಿಸಿತು. ಸಮಾರ್ಯದವನು ಹೋಗಿ ಡಬ್ಬಿ ಇಸಿದುಕೊಂಡು ಬಂದ. ಈಗ ಅದು ಅವರ ಮನೆಯ ಶೋಕೇಸಿನಲ್ಲಿದೆ. ಅದರಲ್ಲಿ ಯಾರೂ ಊಟ ಕಟ್ಟಿಲ್ಲ.

ಸಂಡೇ ಸ್ಕೂಲು ಹುಟ್ಟಿದ್ದು ಇದಕ್ಕಲ್ಲ ಎಂದರೆ ಹಿರಿಯರಿಗೆ ಬೇಸರವಾಗುತ್ತದೆ. ಇಂಗ್ಲೆಂಡಿನ ಗ್ಲಾಸ್ಟರ್ ಊರಲ್ಲಿ ಪತ್ರಿಕೆ ನಡೆಸುತ್ತಿದ್ದ ರಾಬರ್ಟ್ ರೇಕ್ಸ್ 1780ರಲ್ಲಿ ಇದನ್ನು ಶುರು ಮಾಡಿದ. ಅಲ್ಲಿ ಗುಂಡುಸೂಜಿ ತಯಾರಿಸುವ ಕಾರ್ಖಾನೆಗಳಿದ್ದವು. ಬಡವರ ಮಕ್ಕಳಿಗೆ ವಾರದ ಆರು ದಿನ ದುಡಿತ. ಏಳನೆಯ ದಿನ ಒಂದೇ ಬಿಡುವು, ಅವತ್ತೇ ಅವರಿಗೆ ಅಕ್ಷರ ಕಲಿಸೋಣ ಎಂದು ಅವನು ಹೊರಟ. ಅಂದರೆ ಭಾನುವಾರದ ಶಾಲೆ ಕೂಲಿ ಮಾಡುವ ಮಕ್ಕಳ ಶಾಲೆ. ನಾವು ಅದನ್ನು ಸುಧಾರಿಸಿದ್ದೇವೆ. ಕೂಲಿ ಮಾಡುವ ಮಕ್ಕಳು ನಮ್ಮಲ್ಲಿ ಭಾನುವಾರವೂ ಬರುವುದಿಲ್ಲ. ಡಿಸೆಂಬರ್ ಬಂತೆಂದರೆ ತೊಗರಿ ರಾಶಿ. ಕ್ರಿಸ್ತ ಹುಟ್ಟುವ ಹೊತ್ತಿಗೇ ತೊಗರಿ ಕಟಾವಿಗೆ ಬರುತ್ತದೆ, ಇದನ್ನು ಯಾವ ಸುವಾರ್ತೆಯೂ ಬರೆದಿಲ್ಲ. 2019ರಲ್ಲಿ ಕಲಬುರಗಿ ತೊಗರಿಗೆ ಭೌಗೋಳಿಕ ಗುರುತಿನ ಮಾನ್ಯತೆ ಬಂತು. ಅದನ್ನು ಕೊಯ್ಯುವ ಹುಡುಗಿಯ ಗುರುತು ಹಾಜರಿ ಪುಸ್ತಕದಲ್ಲಿ ಒಂದು ಅಡ್ಡಗೆರೆ.

ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ನಮ್ಮ ದೇವಾಲಯಗಳ ನೆಲಕ್ಕೆ ಹಾಸಿದ್ದು ಶಾಹಾಬಾದ್ ಫರ್ಸಿ. ಬೇಸಗೆಯಲ್ಲಿ ಅದರ ಮೇಲೆ ಮೊಣಕಾಲೂರಿದರೆ ತಂಪು. ಆ ತಂಪಿನಲ್ಲಿ ನಾವು ಮಕ್ಕಳ ಮೃದು ಹೃದಯಕ್ಕಾಗಿ ಪ್ರಾರ್ಥಿಸುತ್ತೇವೆ. ಖಣಿಯಲ್ಲಿ ಅದೇ ಕಲ್ಲಿನ ದೂಳು ಕುಡಿದವರ ಕೆಮ್ಮು ಹಿಂದಿನ ಬೆಂಚಿನಿಂದ ಕೇಳಿಸುತ್ತಿರುತ್ತದೆ. ಪ್ರಾರ್ಥನೆಗೆ ಅಡ್ಡಿಯಾಗುತ್ತದೆ ಎಂದು ಯಾರಾದರೂ ಹಿಂದೆ ತಿರುಗಿ ನೋಡುತ್ತಾರೆ.

ನಿಜಾಮರ ಕಾಲದಲ್ಲಿ ಈ ಕಡೆಗೆ ಬಂದ ಮೆಥೊಡಿಸ್ಟ್ ಮಿಷನರಿಗಳು ಆಸ್ಪತ್ರೆ ತಂದರು, ಶಾಲೆ ತಂದರು. ಜೊತೆಗೆ ತಮ್ಮ ಪಂಥವನ್ನು ಹುಟ್ಟುಹಾಕಿದ ಜಾನ್ ವೆಸ್ಲಿಯ ತಾಯಿಯನ್ನೂ ಕರೆದುಕೊಂಡು ಬಂದರು, ಮಾತಿನಲ್ಲಿ. ಸುಸಾನ್ನ ವೆಸ್ಲಿ ಹತ್ತೊಂಬತ್ತು ಮಕ್ಕಳನ್ನು ಹೆತ್ತವಳು. ಅರ್ಧದಷ್ಟು ಕೂಸುಗಳು ಎಳೆತನದಲ್ಲೇ ತೀರಿಕೊಂಡವು. ಉಳಿದವನ್ನು ಎಪ್‌ವರ್ತ್ ಎಂಬ ಊರಿನ ಪಾದ್ರಿಮನೆಯಲ್ಲಿ ಅಡುಗೆ, ಸಾಲ, ಗಂಡನ ಜಗಳ ಎಲ್ಲದರ ನಡುವೆ ಕೂರಿಸಿಕೊಂಡು ತಾನೇ ಓದಿಸಿದಳು. ಮಕ್ಕಳನ್ನು ಹೇಗೆ ಬೆಳೆಸಿದೆ ಎಂದು 1732ರ ಜುಲೈಯಲ್ಲಿ ಮಗ ಜಾನ್‌ಗೆ ಉದ್ದದ ಕಾಗದ ಬರೆದಳು. ಅದರ ಮೊದಲ ಭಾಗ ನಮಗೆಲ್ಲ ಗೊತ್ತು. ಮಗುವಿನ ಹಟವನ್ನು ಮೊದಲು ಮುರಿಯಬೇಕು, ವರ್ಷ ತುಂಬುವಷ್ಟರಲ್ಲಿ ಅದಕ್ಕೆ ಬೆತ್ತದ ಹೆದರಿಕೆ ಇರಬೇಕು, ಅತ್ತರೂ ಮೆಲ್ಲಗೆ ಅಳಬೇಕು. ಇಷ್ಟನ್ನು ತಾಯಂದಿರ ದಿನದ ಪ್ರಸಂಗದಲ್ಲಿ ತಪ್ಪದೆ ಹೇಳುತ್ತಾರೆ. ಜ್ಞಾನೋಕ್ತಿಗಳ ಹದಿಮೂರನೆಯ ಅಧ್ಯಾಯದ ಬೆತ್ತವನ್ನೂ ಇದಕ್ಕೆ ಜೋಡಿಸುತ್ತಾರೆ. ಶಾಲೆಯಲ್ಲಿ ಮಗುವನ್ನು ಹೊಡೆಯುವುದನ್ನು, ಮಾನಸಿಕವಾಗಿ ಹಿಂಸಿಸುವುದನ್ನು 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ನಿಷೇಧಿಸಿದೆ. ಮೇಷ್ಟ್ರುಗಳ ಕೈಯಿಂದ ಬಿದ್ದ ಬೆತ್ತ ಮನೆಗೆ ಬಂದು ಸೇರಿಕೊಂಡಿದೆ. ಮನೆಗೆ ಆ ಸೆಕ್ಷನ್ ತಾಗುವುದಿಲ್ಲವಲ್ಲ.

ಒಂದು ವರ್ಷದ ಕೂಸಿಗೆ ಮೆಲ್ಲಗೆ ಅಳುವುದನ್ನು ಕಲಿಸಿದ್ದು ನನ್ನ ಮಟ್ಟಿಗೆ ಕ್ರೌರ್ಯವೇ. ಆಕೆ ಸಂತಳಾದರೂ ಸರಿ, ವೆಸ್ಲಿಯ ತಾಯಿಯಾದರೂ ಸರಿ. ಆದರೆ ಕಾಗದ ಅಲ್ಲಿಗೆ ಮುಗಿಯುವುದಿಲ್ಲ. ಕೊನೆಯಲ್ಲಿ ಆಕೆ ಮನೆಯ ಕಟ್ಟಳೆಗಳನ್ನು ಬರೆದಿದ್ದಾಳೆ. ನಮ್ಮ ಪ್ರಸಂಗಗಳು ಆ ಪುಟವನ್ನು ತೆರೆದಿದ್ದನ್ನು ನಾನು ಕಂಡಿಲ್ಲ. ಮಗು ತಪ್ಪು ಮಾಡಿ ತಾನಾಗಿ ಒಪ್ಪಿಕೊಂಡು ತಿದ್ದಿಕೊಳ್ಳುತ್ತೇನೆ ಎಂದರೆ ಅದಕ್ಕೆ ಏಟಿಲ್ಲ. ಹೆದರಿಕೆಯಿಂದಲೇ ಮಕ್ಕಳು ಸುಳ್ಳು ಕಲಿಯುತ್ತವೆ ಎಂಬುದು ಆಕೆಗೆ ಗೊತ್ತಿತ್ತು. ಒಂದೇ ತಪ್ಪಿಗೆ ಎರಡು ಸಲ ಶಿಕ್ಷೆಯಿಲ್ಲ. ಮುಗಿದ ತಪ್ಪನ್ನು ಮತ್ತೆ ಎತ್ತಿ ಆಡುವಂತಿಲ್ಲ. ಮಗು ನಿಮ್ಮನ್ನು ಸಂತೋಷಪಡಿಸಲೆಂದು ಏನಾದರೂ ಮಾಡಲು ಹೋಗಿ ಕೆಡಿಸಿದರೂ ಅದರ ಮನಸ್ಸನ್ನು ನೋಡಿ ಒಪ್ಪಿಕೊಳ್ಳಬೇಕು. ಒಬ್ಬರ ಗುಂಡುಸೂಜಿಯನ್ನೂ ಅವರನ್ನು ಕೇಳದೆ ಇನ್ನೊಬ್ಬರು ಮುಟ್ಟುವಂತಿಲ್ಲ. ಎಲ್ಲಕ್ಕಿಂತ ಮೇಲಾಗಿ, ಹೆಣ್ಣುಮಗು ಚೆನ್ನಾಗಿ ಓದಲು ಕಲಿಯುವವರೆಗೆ ಅದಕ್ಕೆ ಮನೆಗೆಲಸ ಹಚ್ಚುವಂತಿಲ್ಲ.

ಇನ್ನೂರ ತೊಂಬತ್ತು ವರ್ಷಗಳ ಹಿಂದಿನ ಮಾತು. ಒಂದೇ ತಪ್ಪನ್ನು ಮತ್ತೆ ಎತ್ತಬಾರದು ಎಂಬ ಕಟ್ಟಳೆ ಜಾರಿಗೆ ಬಂದರೆ ನಮ್ಮ ಮನೆಗಳಲ್ಲಿ ಊಟದ ಹೊತ್ತಿಗೆ ಮಾತಾಡಲು ಏನೂ ಉಳಿಯುವುದಿಲ್ಲ. ಹೆಣ್ಣುಮಗುವಿನ ಕಟ್ಟಳೆಯಂತೂ ಬೇಡವೇ ಬೇಡ. ರೊಟ್ಟಿ ಯಾರು ಬಡಿಯಬೇಕು? ಸಭೆ ಮುಗಿದ ಮೇಲೆ ಚಹಾದ ಕಪ್ಪು ಯಾರು ತೊಳೆಯಬೇಕು? ಪ್ರೇಮದ ಅಧ್ಯಾಯವನ್ನು ಬಾಯಿಪಾಠ ಒಪ್ಪಿಸಿದ ಹುಡುಗಿ ಬಚ್ಚಲಿಗೆ ಹೋಗುತ್ತಾಳೆ, ತಪ್ಪು ತಪ್ಪು ಒಪ್ಪಿಸಿದ ಹುಡುಗ ಕ್ರಿಕೆಟ್ಟಿಗೆ ಹೋಗುತ್ತಾನೆ. ಸಮುದ್ರ ದಾಟಿ ಬರುವಾಗ ಸುಸಾನ್ನಳ ಬೆತ್ತವನ್ನು ಹಡಗಿಗೆ ಹತ್ತಿಸಿದವರು ಕಟ್ಟಳೆಗಳನ್ನು ದಡದಲ್ಲೇ ಬಿಟ್ಟರೋ, ಇಲ್ಲಿ ಇಳಿಸಿಕೊಂಡ ನಾವೇ ಬೇಕಾದ್ದನ್ನು ಆರಿಸಿಕೊಂಡೆವೋ!

ಮನಸ್ಸಾಕ್ಷಿ ಬೆಳೆಸುವುದರಲ್ಲಿ ನಮ್ಮ ಕಥೋಲಿಕ ನೆರೆಯವರ ದಾರಿ ಸ್ವಲ್ಪ ಬೇರೆ. 1910ರಲ್ಲಿ ಪೋಪ್ ಹತ್ತನೆಯ ಪಿಯುಸ್ ಏಳು ವರ್ಷದ ಸುಮಾರಿಗೆ ಮಗುವಿಗೆ ವಿವೇಕ ಬರುತ್ತದೆ ಎಂದು ತೀರ್ಮಾನಿಸಿ ಪಾಪನಿವೇದನೆಗೂ ಪರಮಪ್ರಸಾದಕ್ಕೂ ಆಗಲೇ ಅವಕಾಶ ಕೊಟ್ಟ. ಪಕ್ಕದ ಮನೆಯ ಹುಡುಗ ಮೊದಲ ಪಾಪನಿವೇದನೆಯ ಹಿಂದಿನ ರಾತ್ರಿ ಪಾಪ ಸಾಲದೆ ಅಳುತ್ತಿದ್ದ. ಅವರ ಅಜ್ಜಿ ನಾಲ್ಕು ಬರೆಸಿಕೊಟ್ಟಳು. ನಾಲ್ಕೂ ಸೊಸೆಯವು.

ಈಗ ನಿಜವಾದ ಕಷ್ಟಕ್ಕೆ ಬರುತ್ತೇನೆ. ಸುಳ್ಳು ಹೇಳಬಾರದು ಎಂದು ಮಗುವಿಗೆ ಕಲಿಸಿ, ಅದರ ಕೈಹಿಡಿದು ಶಾಲೆಗೆ ಸೇರಿಸಲು ಹೋದಿರಿ ಎನ್ನಿ. ಕ್ಲಾರ್ಕು ಅರ್ಜಿ ತಳ್ಳುತ್ತಾನೆ. ಧರ್ಮ ಎಂಬ ಖಾನೆ, ಜಾತಿ ಎಂಬ ಖಾನೆ. ಆತ ತಲೆಯೆತ್ತದೆ ಕೇಳುತ್ತಾನೆ: "ಏನ್ ಬರೀಲಿ?" ಸೇಡಂ, ಚಿತ್ತಾಪುರ, ಚಿಂಚೋಳಿಯ ಕ್ರೈಸ್ತ ಮನೆಗಳಲ್ಲಿ ಆ ಎರಡು ಶಬ್ದಗಳಷ್ಟು ಬೆವರಿಳಿಸುವ ಪ್ರಶ್ನೆ ಬೈಬಲಿನಲ್ಲಿಯೂ ಇಲ್ಲ.

1950ರ ರಾಷ್ಟ್ರಪತಿ ಆದೇಶದ ಪ್ರಕಾರ ಹಿಂದೂ ಅಲ್ಲದವನು ಪರಿಶಿಷ್ಟ ಜಾತಿಯವನಲ್ಲ. 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಒಳಗೆ ಬಿಟ್ಟುಕೊಂಡರು. ಕ್ರೈಸ್ತರು, ಮುಸ್ಲಿಮರು ಹೊರಗೇ ಉಳಿದರು. ಅಂದರೆ ಕಾನೂನಿನ ಲೆಕ್ಕದಲ್ಲಿ ದೀಕ್ಷಾಸ್ನಾನದ ನೀರು ತಲೆಗೆ ಬಿದ್ದ ಕ್ಷಣವೇ ಸಾವಿರಾರು ವರ್ಷಗಳ ಅಸ್ಪೃಶ್ಯತೆ ತೊಳೆದುಹೋಗುತ್ತದೆ. ನೀರಿಗೆ ಇಷ್ಟು ಶಕ್ತಿ ಇದೆ ಎಂದು ನಮ್ಮ ಪಾಸ್ಟರುಗಳು ಕೂಡ ಹೇಳಿಲ್ಲ. ಊರ ಹೋಟೆಲಿನವನು ಮಾತ್ರ ಆದೇಶವನ್ನು ಓದಿಲ್ಲ, ಲೋಟವನ್ನು ಇನ್ನೂ ಹೊರಗಿನ ಗೂಟಕ್ಕೇ ಸಿಕ್ಕಿಸುತ್ತಾನೆ. ಮದ್ರಾಸಿನ ರಸ್ತೆಬದಿಯಲ್ಲಿ ಚಪ್ಪಲಿ ಹೊಲಿಯುತ್ತಿದ್ದ ಸೂಸೈ ಎಂಬವನಿಗೆ, ಉಳಿದ ಪರಿಶಿಷ್ಟ ಚಮ್ಮಾರರಿಗೆ ಪುಕ್ಕಟೆ ಕೊಟ್ಟ ಪೆಟ್ಟಿಗೆ ಅಂಗಡಿ ಸಿಗಲಿಲ್ಲ, ಕ್ರೈಸ್ತನಾಗಿದ್ದ ಕಾರಣಕ್ಕೆ. 1985ರಲ್ಲಿ ಸುಪ್ರೀಂ ಕೋರ್ಟು ಅವನ ಅರ್ಜಿಯನ್ನು ತಳ್ಳಿಹಾಕಿತು. ಧರ್ಮ ಬದಲಾದ ಮೇಲೂ ಆ ಹಳೆಯ ತೊಡಕು ಹಾಗೇ ಉಳಿದಿದೆ ಎಂದು ತೋರಿಸುವ ಸಾಕ್ಷ್ಯ ಬೇಕು ಎಂದಿತು. ಬಿಸಿಲಲ್ಲಿ ಕೂತು ಅವನು ಹೊಲಿಯುತ್ತಿದ್ದ ಚಪ್ಪಲಿ ಸಾಕ್ಷ್ಯದ ಪಟ್ಟಿಯಲ್ಲಿ ಬರಲಿಲ್ಲ. 2024ರ ನವೆಂಬರಿನಲ್ಲಿ ಅದೇ ಕೋರ್ಟು, ಕ್ರೈಸ್ತ ನಂಬಿಕೆಯಲ್ಲಿದ್ದುಕೊಂಡು ಕೆಲಸಕ್ಕಾಗಿ ಹಿಂದೂ ಪರಿಶಿಷ್ಟ ಎನ್ನುವುದು ಸಂವಿಧಾನಕ್ಕೆ ಮಾಡುವ ವಂಚನೆ ಎಂದಿತು. ಕರ್ನಾಟಕದಲ್ಲಿ ಪರಿಶಿಷ್ಟ ಜಾತಿಯಿಂದ ಬಂದ ಕ್ರೈಸ್ತರಿಗೆ ಹಿಂದುಳಿದ ವರ್ಗಗಳ ಪ್ರವರ್ಗ ಒಂದರಲ್ಲಿ ಜಾಗ ಇದೆ. ಆದರೆ ಅಜ್ಜನ ಕಾಲದ ದಾಖಲೆ ಒಂದು ಹೇಳುತ್ತದೆ, ಭಾನುವಾರ ಇನ್ನೊಂದು ಹೇಳುತ್ತದೆ. ಸ್ಕಾಲರ್‌ಶಿಪ್ ಮೂರನೆಯದನ್ನೇ ಕೇಳುತ್ತದೆ.

ನನಗೆ ಗೊತ್ತಿರುವ ಮನೆಯೊಂದರಲ್ಲಿ ಎಂಟು ವರ್ಷದ ಹುಡುಗಿ ಅರ್ಜಿಯನ್ನು ಓದಿಬಿಟ್ಟಳು. ಓದಲು ಕಲಿಸಿದ ತಪ್ಪಿಗೆ ಹೀಗಾಯಿತು.

"ಪಪ್ಪಾ, ಇದರಾಗ ನಾವು ಹಿಂದೂ ಅಂತ ಬರದೀರಿ. ಯೇಸಪ್ಪ ನೋಡ್ತಾನಲ್ಲ?"

"ಯೇಸಪ್ಪಗ ಗೊತ್ತದ, ಸುಮ್ನ ಕೂಡು. ತಹಸೀಲ್ದಾರಗ ಗೊತ್ತಾಗಬಾರದು."

"ಹಂಗಾದ್ರ ನಾ ಸುಳ್ಳು ಹೇಳಿದ್ರ ನಿಮಗ ಮಾತ್ರ ಗೊತ್ತಾಗಬಾರದು ಅಂತ ಹೇಳ್ಲೇನು?"

ಅವಳಿಗೆ ಅವತ್ತು ಏಟು ಬಿತ್ತು. ಸುಳ್ಳು ಹೇಳಿದ್ದಕ್ಕಲ್ಲ, ತರ್ಕ ಮಾಡಿದ್ದಕ್ಕೆ. ಆ ಅಪ್ಪನನ್ನು ಹಳಿಯುವುದು ಸುಲಭ. ನನಗೆ ಮನಸ್ಸಾಗುವುದಿಲ್ಲ. ನಿಜ ಹೇಳಿದರೆ ಮಗಳ ಹಾಸ್ಟೆಲ್ ಹೋಗುತ್ತದೆ, ಹೇಳದಿದ್ದರೆ ಮಗಳ ಮುಖ ನೋಡಲಾಗುವುದಿಲ್ಲ. ಇಂಥ ಕತ್ತರಿಯಲ್ಲಿ ಸಿಕ್ಕ ಬಡವನಿಗೆ ಪ್ರಾಮಾಣಿಕತೆಯ ಪಾಠ ಹೇಳಲು ಬೆಂಗಳೂರಿನಿಂದ ಬರುವ ಪ್ರಸಂಗಿಗೆ ಜಾತಿ ಪ್ರಮಾಣಪತ್ರ ಬೇಕಾಗಿಲ್ಲ, ಹೋಗಿ ಬರುವ ಎಸಿ ಟಿಕೆಟ್ ಸಾಕು.

ಹಾಗೆಂದು ನಮ್ಮ ಒಳಗನ್ನು ಬಿಟ್ಟುಕೊಡುವಂತಿಲ್ಲ. 2025ರ ಸೆಪ್ಟೆಂಬರಿನಲ್ಲಿ ಹಿಂದುಳಿದ ವರ್ಗಗಳ ಆಯೋಗ ಮನೆಮನೆ ಸಮೀಕ್ಷೆಗೆ ಹೊರಟಾಗ ಜಾತಿಪಟ್ಟಿಯಲ್ಲಿ ಅನೇಕ ಹಿಂದೂ ಜಾತಿಗಳ ಜೊತೆ ಕ್ರಿಶ್ಚಿಯನ್ ಎಂದು ಅಂಟಿಸಲಾಗಿತ್ತು. ಗದ್ದಲವೆದ್ದಿತು. ಆಯೋಗ ಆ ಹೆಸರುಗಳನ್ನು ಆ್ಯಪಿನಲ್ಲಿ ಕಾಣದಂತೆ ಮಾಡಿತು. ಇದು ಹೊಸ ಉಪಾಯವೇನಲ್ಲ, ಜಾತಿಯನ್ನು ಪಟ್ಟಿಯಲ್ಲಿ ಕಾಣದಂತೆ ಮಾಡುವ ವಿದ್ಯೆ ನಮ್ಮ ಸಭೆಗಳಿಗೆ ಮೊದಲಿನಿಂದ ಗೊತ್ತು. ಪ್ರಭುಭೋಜನದಲ್ಲಿ ಎಲ್ಲರೂ ಒಂದೇ ರೊಟ್ಟಿ, ಮಗಳ ಲಗ್ನದ ಮಾತು ಬಂದರೆ "ಅವರ ಹಿರಿಯರು ಯಾವ ಓಣಿಯವರ್ರಿ?" ಎಂಬ ವಿಚಾರಣೆ. ಓಣಿ ಎಂದರೆ ವಿಳಾಸ ಎಂದು ಮಕ್ಕಳು ಕೆಲವು ವರ್ಷ ನಂಬಿರುತ್ತವೆ.

ದಯೆಗೆ ಬರೋಣ. ದಯೆಯಲ್ಲಿ ಈಚೆಗೆ ಕಾನೂನಿನ ಸಲಹೆ ಪಡೆಯಬೇಕಾಗಿದೆ. 2022ರ ಮತಾಂತರ ನಿಷೇಧ ಕಾಯ್ದೆಯಲ್ಲಿ ಆಮಿಷ ಎಂಬುದಕ್ಕೆ ಉದಾರವಾದ ಅರ್ಥ ಕೊಟ್ಟಿದ್ದಾರೆ. ಉಡುಗೊರೆ ಅದರಲ್ಲಿದೆ, ಧಾರ್ಮಿಕ ಸಂಸ್ಥೆಯ ಶಾಲೆಯಲ್ಲಿ ಉಚಿತ ವಿದ್ಯೆ ಕೂಡ ಇದೆ, ಒಳ್ಳೆಯ ಜೀವನದ ಭರವಸೆಯೂ ಇದೆ. ಎದುರಿಗಿರುವುದು ಅಪ್ರಾಪ್ತರು, ಹೆಂಗಸರು, ಪರಿಶಿಷ್ಟ ಜಾತಿ ಪಂಗಡದವರಾದರೆ ಶಿಕ್ಷೆ ಹತ್ತು ವರ್ಷದವರೆಗೆ. ಚಿಂಚೋಳಿ ತಾಲ್ಲೂಕಿನ ಶಾಲೆಯಲ್ಲಿ ನಮ್ಮ ಹುಡುಗಿಯ ಪಕ್ಕ ಕೂರುವ ಗೆಳತಿ ಲಂಬಾಣಿ ತಾಂಡಾದವಳು. ಅಪ್ಪ ಅವ್ವ ಗುಳೆ ಹೋಗಿದ್ದಾರೆ, ಮುಂಬೈಯೋ ಪುಣೆಯೋ. ಅಜ್ಜಿಯ ಹತ್ತಿರ ಉಳಿದಿದ್ದಾಳೆ. ಅಪ್ರಾಪ್ತೆ, ಹೆಣ್ಣು, ಪರಿಶಿಷ್ಟೆ. ಮೂರೂ ಒಂದೇ ಬೆಂಚಿನ ಮೇಲೆ! ಅವಳಿಗೆ ಪೆನ್ಸಿಲ್ ಇರಲಿಲ್ಲ. ನಮ್ಮವಳು ತನ್ನದನ್ನು ಮುರಿದು ಅರ್ಧ ಕೊಟ್ಟಳಂತೆ.

ಮನೆಯಲ್ಲಿ ತನಿಖೆ ಆಯಿತು. ಕೊಡುವಾಗ ಏನಾದರೂ ಅಂದೆಯಾ? ಯೇಸಪ್ಪನ ಹೆಸರು ತೆಗೆದೆಯಾ? ಪೆನ್ಸಿಲ್ಲಿನ ಮೇಲೆ ನಕ್ಷತ್ರದ ಚಿತ್ರ ಇತ್ತೇ, ಇದ್ದರೆ ಎಷ್ಟು ಮೂಲೆಯದು? ಕೊಟ್ಟ ಅರ್ಧ ಚೂಪಾದದ್ದೋ ಮೊಂಡೋ? ಮೊಂಡಾದರೆ ಆಮಿಷ ಎನ್ನಲಾಗದು ಎಂಬುದು ಅವಳ ಚಿಕ್ಕಪ್ಪನ ಅಭಿಪ್ರಾಯ, ಅವರು ಒಮ್ಮೆ ಕೋರ್ಟಿಗೆ ಹೋಗಿ ಬಂದವರು. 2023ರ ಜೂನಿನಲ್ಲಿ ಸಚಿವ ಸಂಪುಟ ಈ ಕಾಯ್ದೆಯನ್ನು ರದ್ದು ಮಾಡುವುದಾಗಿ ತೀರ್ಮಾನಿಸಿತು. ಸಂಪುಟದ ತೀರ್ಮಾನ ಬೆಂಗಳೂರಿನಿಂದ ಹೊರಡುತ್ತದೆ. ಹೆದರಿಕೆ ಮೊದಲೇ ನಮ್ಮ ಮನೆಯ ಜಗಲಿಗೆ ಬಂದು ಕೂತಿರುತ್ತದೆ. ಕ್ರಿಸ್ಮಸ್ಸಿನ ಕೇಕನ್ನು ಅಕ್ಕಪಕ್ಕದವರಿಗೆ ಕೊಡುವಾಗ ಈಗ ನಾವು ಯಾವ ಹಬ್ಬದ್ದು ಎಂದು ಹೇಳುವುದಿಲ್ಲ. ಅವರೂ ಕೇಳುವುದಿಲ್ಲ, ತಿನ್ನುತ್ತಾರೆ. ದೀಪಾವಳಿಗೆ ಅವರು ಕರ್ಚಿಕಾಯಿ ಕಳಿಸಿದರೆ ನಮ್ಮಲ್ಲೂ ಕೆಲವು ಮನೆಗಳಲ್ಲಿ ಅದನ್ನು ಹಿತ್ತಲಿನಲ್ಲಿ ಆಡಿಗೆ ಹಾಕುತ್ತಾರೆ, ವಿಗ್ರಹಕ್ಕೆ ಇಟ್ಟದ್ದಿರಬಹುದು ಎಂದು. ಮಗು ಕೇಳುತ್ತದೆ, ಆಡಿಗೆ ಪಾಪ ಬರುವುದಿಲ್ಲವೇ? ಆಮಿಷದ ಕಾಯ್ದೆ ಬರೆದವರನ್ನು ಬೈಯುವ ಮೊದಲು ನಾವು ಈ ಆಡಿಗೆ ಉತ್ತರ ಕೊಡಬೇಕಾಗುತ್ತದೆ.

ಮೊಟ್ಟೆಯ ಕಥೆ ನೆನಪಿದೆಯಲ್ಲ? 2021ರ ಡಿಸೆಂಬರಿನಲ್ಲಿ ಕಲಬುರಗಿ, ಬೀದರ, ರಾಯಚೂರು, ಯಾದಗಿರಿ, ಕೊಪ್ಪಳ, ಬಳ್ಳಾರಿ, ವಿಜಯಪುರ ಜಿಲ್ಲೆಗಳ ಶಾಲೆಗಳಲ್ಲಿ ಬಿಸಿಯೂಟಕ್ಕೆ ಮೊಟ್ಟೆ ಕೊಡಲು ಶುರು ಮಾಡಿದರು, ಅಪೌಷ್ಟಿಕತೆ ಈ ಕಡೆ ಹೆಚ್ಚು ಎಂದು. ಬೇಡ ಎಂದವರಿಗೆ ಬಾಳೆಹಣ್ಣು. ಎಲ್ಲೆಲ್ಲಿಯ ದೊಡ್ಡವರ ಮನಸ್ಸಾಕ್ಷಿ ನೊಂದಿತು! ಹಸಿದ ಮಕ್ಕಳನ್ನು ಕಂಡು ಅಷ್ಟು ವರ್ಷ ನೋಯದ ಮನಸ್ಸಾಕ್ಷಿ ಒಂದು ಬೇಯಿಸಿದ ಮೊಟ್ಟೆಗೆ ನೊಂದಿತು. ಮಕ್ಕಳ ಸಾಲಿನಲ್ಲಿ ಅಂಥ ಧರ್ಮಸಂಕಟ ಕಾಣಲಿಲ್ಲ. ಮೊಟ್ಟೆಯವರು, ಹಣ್ಣಿನವರು ಪಕ್ಕಪಕ್ಕ ಕೂತು ಉಂಡರು. ಒಬ್ಬಳ ಹಣ್ಣು ಕೊಳೆತಿದ್ದರೆ ಇನ್ನೊಬ್ಬಳು ತನ್ನದರಲ್ಲಿ ಪಾಲು ಕೊಟ್ಟಳು, ಯಾವ ಧರ್ಮಗ್ರಂಥವನ್ನೂ ತೆರೆಯದೆ.

ಇದೇ ಪಾಠ ಕಲ್ಲಿನಲ್ಲೂ ಇದೆ ಎಂದು ತೋರಿಸಲು ಚಿತ್ತಾಪುರ ತಾಲ್ಲೂಕಿನ ಸನ್ನತಿಗೆ ಮಕ್ಕಳನ್ನು ಕರೆದುಕೊಂಡು ಹೋಗುವ ಆಸೆ ನನಗೆ. ಅಲ್ಲಿನ ಚಂದ್ರಲಾಂಬಾ ಗುಡಿಯ ಆವರಣದಲ್ಲಿ 1986ರಲ್ಲಿ ಕಾಳಿಯ ಗುಡಿಯ ಮಾಳಿಗೆ ಕುಸಿಯಿತು. ವಿಗ್ರಹ ಮುರಿದಾಗ ಅದರ ಪೀಠದ ಕಲ್ಲಿನ ಮೇಲೆ ಅಶೋಕನ ಅಕ್ಷರಗಳು ಕಂಡವು. ಹನ್ನೆರಡನೆಯ ಶಾಸನ ಆ ಕಲ್ಲಿನಲ್ಲಿದೆ. ತನ್ನ ಧರ್ಮವನ್ನು ಹೊಗಳಿ ಬೇರೆಯವರದನ್ನು ತೆಗಳುವವನು ತನ್ನ ಧರ್ಮಕ್ಕೇ ಕೇಡು ಮಾಡುತ್ತಾನೆ, ಆದ್ದರಿಂದ ನಾಲಿಗೆ ಹಿಡಿತದಲ್ಲಿರಲಿ ಎಂಬುದು ಅದರ ಸಾರ. ಪ್ರಜೆಗಳೆಲ್ಲ ನನ್ನ ಮಕ್ಕಳು ಎಂಬ ಅರ್ಥದ ಪ್ರತ್ಯೇಕ ಶಾಸನವೂ ಅದೇ ಕಲ್ಲಿನಲ್ಲಿದೆ. ವಿಗ್ರಹ ನಿಲ್ಲಿಸಲು ಯಾರೋ ನಡುವೆ ಚೌಕಾಕಾರದ ತೂತು ಕೊರೆದಿದ್ದರು, ಅಷ್ಟು ಅಕ್ಷರ ಹೋಯಿತು. ನಾಲಿಗೆ ಹಿಡಿ ಎಂದ ಮಾತಿನ ಮೇಲೆ ಶತಮಾನಗಳ ಕಾಲ ಎಣ್ಣೆ ಸುರಿದು ಕುಂಕುಮ ಹಚ್ಚಿದರು, ಓದಲಿಲ್ಲ.

ಇದನ್ನು ಹೇಳಿ ಕ್ರೈಸ್ತರು ನಗುವಂತಿಲ್ಲ. ನಮ್ಮ ಮನೆಯ ಬೈಬಲ್ಲಿಗೂ ಒಂದು ಕೆಲಸವಿದೆ. ಕೂಸಿಗೆ ಕೆಟ್ಟ ಕನಸು ಬೀಳದಿರಲಿ ಎಂದು ದಿಂಬಿನ ಕೆಳಗೆ ಇಡುತ್ತೇವೆ. ಸನ್ನತಿಗೆ ಪ್ರವಾಸ ಎಂದಾಗ ನಮ್ಮ ಸಂಡೇ ಸ್ಕೂಲಿನ ಹಿರಿಯರೊಬ್ಬರು ಹುಬ್ಬೇರಿಸಿದರು. "ಅದು ಅನ್ಯರ ಜಾಗ ಅಲ್ಲೇನ್ರಿ ಅಕ್ಕೋರೆ? ಮಕ್ಕಳ ನಂಬಿಕಿ ಅಲ್ಲಾಡ್ತದ." ನವೆಂಬರಿನಲ್ಲಿ ತೆಲಂಗಾಣದ ಧಾರೂರು ಜಾತ್ರೆಗೆ ಕರೆದೊಯ್ಯೋಣ, ಅಲ್ಲಿ ನಮ್ಮವರೇ ಇರುತ್ತಾರೆ ಎಂದರು. ಹೋದೆವು. ಒಳ್ಳೆಯ ಜಾತ್ರೆ. ಮಕ್ಕಳು ಬಳೆ, ಪೀಪಿ, ಬೆಂಡುಬತ್ತಾಸು ಕೊಂಡವು. ನಂಬಿಕೆ ಅಲ್ಲಾಡಲಿಲ್ಲ, ಒಬ್ಬ ಹುಡುಗನ ಹಲ್ಲು ಮಾತ್ರ ಅಲ್ಲಾಡಿತು.

ಕಳೆದ ಸಲ ಕಮಿಟಿ ಕೂತಾಗ ನಾನೊಂದು ಅರ್ಜಿ ಕೊಟ್ಟೆ. ಈ ವರ್ಷ ಸ್ಪರ್ಧೆ ದೊಡ್ಡವರಿಗೆ ಇಡೋಣ, ಮಕ್ಕಳು ನಂಬರು ಹಾಕಲಿ ಎಂದು. ಕಂಠಪಾಠ ಬೇಡ. ಸುಸಾನ್ನಳ ಕಟ್ಟಳೆಗಳನ್ನೇ ಪ್ರಶ್ನೆ ಮಾಡೋಣ. ಈ ವರ್ಷ ಮಗು ತಪ್ಪೊಪ್ಪಿಕೊಂಡಾಗ ಯಾವತ್ತು ಹೊಡೆಯದೆ ಬಿಟ್ಟಿರಿ? ಅದರ ಹಳೆಯ ತಪ್ಪನ್ನು ಎಷ್ಟು ದಿನ ಎತ್ತದೆ ಇದ್ದಿರಿ? ನಿಮ್ಮ ಮನೆಯ ಹುಡುಗಿ ಓದುತ್ತಿದ್ದಾಗ ಪಾತ್ರೆ ಯಾರು ತೊಳೆದರು?

ಅರ್ಜಿಯ ಮೇಲೆ ಬಹಳ ಹೊತ್ತು ಪ್ರಾರ್ಥನೆ ನಡೆಯಿತು. ಮಕ್ಕಳ ಕೈಯಲ್ಲಿ ಫೇಲಾದರೆ ಸಭೆಯ ಮರ್ಯಾದೆ ಏನಾಗಬೇಕು ಎಂದು ಒಬ್ಬರು ಕೇಳಿದರು. ಪ್ರಶ್ನೆಪತ್ರಿಕೆ ಒಂದು ತಿಂಗಳು ಮೊದಲೇ ಸಿಗಲಿ ಎಂದು ಇನ್ನೊಬ್ಬರು. ಪಾತ್ರೆಯ ಪ್ರಶ್ನೆ ಸಿಲೆಬಸ್ಸಿನ ಹೊರಗಿನದು ಎಂದು ಮೂರು ಗಂಡಸರು ಒಟ್ಟಿಗೆ. ಕಡೆಗೆ ಒಂದು ತಿದ್ದುಪಡಿಯೊಂದಿಗೆ ಅರ್ಜಿ ಒಮ್ಮತದಿಂದ ಪಾಸಾಯಿತು: ದೊಡ್ಡವರಿಗೆ ತೊಗರಿ ರಾಶಿಯ ಕಾಲದಲ್ಲಿ ಪುರುಸೊತ್ತು ಇರುವುದಿಲ್ಲವಾದ್ದರಿಂದ ಅವರ ಉತ್ತರಗಳನ್ನು ಅವರವರ ಮಕ್ಕಳೇ ಬಾಯಿಪಾಠ ಮಾಡಿ ಒಪ್ಪಿಸತಕ್ಕದ್ದು, ಷೀಲ್ಡು ದೊಡ್ಡವರಿಗೆ.